ದನದ ಡಾಕ್ಟರ ಮೂಗು

ಮೂಗಿನ ಬಗ್ಗೆ ಅಷ್ಟೊಂದು ಮಾತಾಡುತ್ತಿದ್ದ ಅವರ ಸ್ವಂತ ಮೂಗು ನೋಡುವುದಕ್ಕೆ ಏನೂ ವಿಶೇಷದ್ದಾಗಿರಲಿಲ್ಲ. ಸ್ವಲ್ಪ ಚಪ್ಪಟೆ, ತುದಿಯಲ್ಲಿ ಸಣ್ಣ ಗಾಯದ ಕಲೆ. ಎಳೆ ಹೋರಿಯೊಂದಕ್ಕೆ ಮೂಗು ಚುಚ್ಚುವಾಗ ಅದು ತಲೆ ಕೊಡವಿ ಕೊಟ್ಟ ಬಹುಮಾನವಂತೆ. "ನಾನು ಅದರ ಮೂಗಿಗೆ ಒಂದು ಕೊಟ್ಟೆ, ಅದು ನನ್ನ ಮೂಗಿಗೆ ಒಂದು ಕೊಟ್ಟಿತು, ಸರಿಗೆ ಸರಿ" ಎನ್ನುತ್ತಿದ್ದರು.

ಅವರು ತೀರಿಹೋದ ಸುದ್ದಿ ನನಗೆ ಸಿಕ್ಕಿದ್ದು ಕುಂಬ್ರದ ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಪಕ್ಕದ ಎಲೆಯವರು ಕಡಬದ ಕಡೆಯವರು. "ಆ ಮೂಗಿಲ್ಲದ ಡಾಕ್ಟ್ರು ಹೋದ್ರಂತೆ, ಸುಳ್ಯದಲ್ಲಿ" ಎಂದರು. ಅದರಾಚೆಯ ಎಲೆಯವರು, "ಯಾರು, ವಾಸನೆಯೇ ಬಾರದೆ ಎರಡು ವರ್ಷ ಊರಿಗೆಲ್ಲ ಮಂಕುಬೂದಿ ಎರಚಿದವರಾ?" ಎಂದು ನಕ್ಕರು. ನಾನು ಅನ್ನಕ್ಕೆ ಸಾರು ಕಲಸುತ್ತಿದ್ದೆ. ಆ ಇಡೀ ಪಂಕ್ತಿಯಲ್ಲಿ ಎದ್ದು ನಿಂತು 'ಅದು ಹಾಗಲ್ಲ' ಎನ್ನಬೇಕಾದವನು ನಾನೊಬ್ಬನೇ. ಹೇಳಲಿಲ್ಲ. ಪಾಯಸ ಬಂತು, ಮಾತು ಬೇರೆ ಕಡೆ ತಿರುಗಿತು. ಪುತ್ತೂರಿಗೆ ಬರುವ ಬಸ್ಸಿನಲ್ಲಿ ಕೂತಾಗ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಐವತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಕಡಬದಿಂದ ಒಂದಷ್ಟು ದೂರದ ಹಳ್ಳಿಯಲ್ಲಿ ಪೋಸ್ಟ್ ಮಾಸ್ಟರಾಗಿದ್ದೆ. ಅಂಚೆ ಕಚೇರಿ ಎಂದರೆ ಹೆಂಚು ಹಾಕಿದ ಒಂದು ಕಟ್ಟಡದ ಎಡಗಡೆಯ ಕೋಣೆ. ಬಲಗಡೆಯ ಕೋಣೆ ಅವರದ್ದು. ಕಾಗದದ ಮೇಲೆ ಅವರು ಡಾಕ್ಟರಲ್ಲ, ಪಶುವೈದ್ಯ ಇಲಾಖೆಯಲ್ಲಿ ದನಗಳಿಗೆ ಸೂಜಿ ಮದ್ದು ಕೊಡುವ ಸಹಾಯಕ, ಅಂದರೆ ಸ್ಟಾಕ್‌ಮನ್. ಮದರಾಸಿನಲ್ಲಿ ತರಬೇತಿ ಮುಗಿಸಿ ಬಂದವರು. ಆದರೆ ಊರವರ ಬಾಯಲ್ಲಿ ಅವರು ದನದ ಡಾಕ್ಟ್ರು, ನನಗೂ ಅದೇ ರೂಢಿಯಾಗಿದೆ. ಹೆಸರು ಬರೆಯುವುದಿಲ್ಲ. ತಮ್ಮ ಹೆಸರನ್ನು ಅವರು ಔಷಧಿಯ ರಿಜಿಸ್ಟರಿನಲ್ಲಿ ಬಿಟ್ಟರೆ ಬೇರೆಲ್ಲೂ ಬರೆಯಲು ಇಷ್ಟಪಡುತ್ತಿರಲಿಲ್ಲ.

ಹಟ್ಟಿಗೆ, ಅಂದರೆ ದನದ ಕೊಟ್ಟಿಗೆಗೆ, ಹೋದವರು ಮೊದಲು ಮನೆಯವರ ಮಾತು ಕೇಳುತ್ತಿರಲಿಲ್ಲ. ನೇರವಾಗಿ ದನದ ಮುಖದ ಹತ್ತಿರ ಹೋಗಿ, ಬಲಗೈಯ ಹಿಂಬದಿಯನ್ನು ಅದರ ಮೂಗಿಗೆ ತಾಗಿಸುತ್ತಿದ್ದರು. ಒದ್ದೆ ಇದ್ದರೆ "ಹೂಂ" ಎಂದು ಒಂದು ಸ್ವರ, ಒಣಗಿದ್ದರೆ "ಹೋ" ಎಂದು ಇನ್ನೊಂದು ಸ್ವರ. ಆಮೇಲೆ ಬಾಯಿ ಬಿಡಿಸಿ ಉಸಿರನ್ನು ಮೂಸುವುದು, ಗೊರಸೆತ್ತಿ ಮೂಸುವುದು, ಕಿವಿಯ ಒಳಗೆ ಮೂಸುವುದು. ಎಲ್ಲ ಮುಗಿದ ಮೇಲೆ ಮನೆಯವರ ಕಡೆ ತಿರುಗಿ, "ಈಗ ಹೇಳಿ, ಎಂತದ್ದು?" ಎನ್ನುತ್ತಿದ್ದರು. ಅಷ್ಟರಲ್ಲಿ ಅವರಿಗೆ ಎಂತದ್ದು ಎಂದು ಗೊತ್ತಾಗಿರುತ್ತಿತ್ತು.

"ಕಣ್ಣು ಸುಳ್ಳು ಹೇಳ್ತದೆ ಮಾರಾಯ್ರೆ, ದನದ ಯಜಮಾನನಂತೂ ಹೇಳಿಯೇ ಹೇಳ್ತಾನೆ. ಮೂಗು ಸುಳ್ಳು ಹೇಳುದಿಲ್ಲ." ಇದು ಅವರ ಖಾಯಂ ಮಾತು.

ಕರು ಹಾಕಿ ತಿಂಗಳಾಗದ ಒಂದು ಎಮ್ಮೆ ಮೇವು ಬಿಟ್ಟಿತ್ತು. ಮನೆಯವರು ಯಾರದೋ ದೃಷ್ಟಿ ತಾಗಿದೆ ಎಂದು ನೂಲು ಕಟ್ಟಿಸಿದ್ದರು. ಡಾಕ್ಟರು ಉಸಿರು ಮೂಸಿ, "ಕೊಳೆಯಲಿಕ್ಕೆ ಹೊರಟ ಹಣ್ಣಿನ ವಾಸನೆ ಬರ್ತಾ ಉಂಟು. ಇದಕ್ಕೆ ಬೆಲ್ಲದ ನೀರು ಕುಡಿಸಿ, ನೂಲು ಇದ್ದರೆ ಇರಲಿ" ಎಂದರು. ನಾಲ್ಕು ದಿನದಲ್ಲಿ ಎಮ್ಮೆ ಎದ್ದು ಹುಲ್ಲಿಗೆ ಬಾಯಿ ಹಾಕಿತು. ಆ ಮೇಲೆ ಅವರ ಮೂಗಿನ ಖ್ಯಾತಿ ಹೊಳೆ ದಾಟಿ ಹೋಯಿತು. ಅದಕ್ಕೂ ಮೊದಲು ದನಗಳಿಗೆ ದೊಡ್ಡ ರೋಗ ಬಾರದ ಹಾಗೆ ಸೂಜಿ ಹಾಕುತ್ತೇನೆಂದರೆ ದನಗಳನ್ನು ಗುಡ್ಡೆಗೆ ಅಟ್ಟಿ ಮನೆಯಲ್ಲಿ ಯಾರೂ ಇಲ್ಲ ಎನ್ನುತ್ತಿದ್ದ ಜನ, ಈಗ ತಾವೇ ಹಗ್ಗ ಹಿಡಿದು ತರತೊಡಗಿದರು. ಊರವರು ನಂಬಿದ್ದು ಸೂಜಿಯನ್ನಲ್ಲ, ಆ ಚಪ್ಪಟೆ ಮೂಗನ್ನು.

ಮಧ್ಯಾಹ್ನ ಟಪಾಲು ಕಟ್ಟಿದ ಮೇಲೆ ನಮ್ಮಿಬ್ಬರದ್ದು ಜಗಲಿಯ ಪಂಚಾತಿಕೆ. ಹೋರಿ ಮೇಲ್ದುಟಿ ಎತ್ತಿ ಹಲ್ಲು ಕಿರಿಯುವುದನ್ನು ಕಂಡು ಊರವರು ಅದು ನಗುತ್ತದೆ ಎನ್ನುತ್ತಾರಲ್ಲ, ಅದಕ್ಕೆ ಅವರು, "ನಗುದಲ್ಲ, ಓದುದು. ದನದ ಗಂಜಲದಲ್ಲಿ ಅದಕ್ಕೊಂದು ಕಾಗದ ಬಂದಿರ್ತದೆ. ಅಂಗುಳಿನಲ್ಲಿ, ಅಂದ್ರೆ ಬಾಯಿಯ ಮೇಲ್ಬದಿಯಲ್ಲಿ, ಅದನ್ನು ಓದ್ಲಿಕ್ಕೆ ಇನ್ನೊಂದು ಮೂಗು ಉಂಟು" ಎಂದು ವಿವರಿಸುತ್ತಿದ್ದರು. ನಾಯಿಯ ಮೂಗು ಒದ್ದೆ ಇರುವುದು ಗಾಳಿಯಲ್ಲಿ ಹೋಗುವ ವಾಸನೆ ಅಂಟಿಕೊಳ್ಳಲಿಕ್ಕೆ, ದನ ಆಗಾಗ ನಾಲಗೆಯನ್ನು ಮೂಗಿನೊಳಗೆ ಹಾಕುವುದು ಅದನ್ನು ಚೊಕ್ಕಟ ಮಾಡಲಿಕ್ಕೆ. ಮನುಷ್ಯನಿಗೆ? "ಕನ್ನಡಕ ನಿಲ್ಲಿಸ್ಲಿಕ್ಕೆ, ಮತ್ತೆ ಇನ್ನೊಬ್ಬರ ವಿಷಯದಲ್ಲಿ ತೂರಿಸ್ಲಿಕ್ಕೆ."

ಒಂದು ದಿನ ನನ್ನ ಮೊಹರಿನ ಶಾಯಿಯ ಡಬ್ಬಿ ಎತ್ತಿಕೊಂಡು ಹೋದರು. ಹಿಂದೆ ಬರುವಾಗ ಕೈಯಲ್ಲಿ ಎರಡು ಕಾಗದ. ಎರಡರ ಮೇಲೂ ಕಪ್ಪು ಗೆರೆಗಳ, ಗುಳ್ಳೆಗಳ ಅಚ್ಚು. ಎರಡು ದನದ ಮೂಗು. "ನಮ್ಮ ಹೆಬ್ಬೆಟ್ಟಿನ ಹಾಗೆ. ಒಂದರದ್ದು ಇನ್ನೊಂದರ ಹಾಗೆ ಇರುದಿಲ್ಲ" ಎಂದು ತೋರಿಸಿದರು. ಅಂಚೆ ಇಲಾಖೆಯ ಶಾಯಿಯಲ್ಲಿ ದನದ ಹೆಬ್ಬೆಟ್ಟು ಒತ್ತಿದ್ದು ಮೇಲಿನವರಿಗೆ ಗೊತ್ತಾದರೆ ಏನು ಕತೆ ಎಂದು ನಾನು ಹೆದರಿದೆ. ಆ ದನಗಳು ಎರಡು ದಿನ ಕಪ್ಪು ಮೂಗು ಹೊತ್ತು ತಿರುಗಿದವು.

ನಸ್ಯ ಹಾಕುವವರನ್ನು ಕಂಡರೆ ಅವರಿಗಾಗದು. ನನಗೆ ಆ ಚಟವಿತ್ತು, ಅವರ ಕಾಟಕ್ಕೆ ಬಿಟ್ಟೆ. ಇನ್ನು ಮೂಗುತಿ. ಬೆಟ್ಟಂಪಾಡಿಯ ಕಡೆಯಿಂದ ಬಂದ ಅವರ ಹೆಂಡತಿಗೆ ಹೊಳೆಯುವ ಕೆಂಪು ಹರಳಿನ ಮೂಗುತಿ ಇತ್ತು. "ಹೋರಿಗೆ ಮೂಗು ಚುಚ್ಚುದು ಹೇಳಿದ ಮಾತು ಕೇಳ್ಲಿಕ್ಕೆ. ಇವಳಿಗೆ ಚುಚ್ಚಿದ್ದು ಯಾತಕ್ಕೆ ಅಂತ ಇಷ್ಟು ವರ್ಷ ಆದ್ರೂ ಗೊತ್ತಾಗಲಿಲ್ಲ" ಎಂದು ಅವರೆಂದರೆ, ಆಕೆ ಒಳಗಿನಿಂದಲೇ, "ಹಗ್ಗ ಹಾಕುದಾದ್ರೆ ನಿಮಗೇ ಮೊದಲು ಹಾಕ್ಬೇಕಿತ್ತು" ಎನ್ನುತ್ತಿದ್ದರು. ಬಯಲಾಟದಲ್ಲಿ ಶೂರ್ಪನಖಿಯ ಮೂಗು ಕೊಯ್ಯುವ ಪ್ರಸಂಗ ನೋಡಿ ಬಂದ ಮರುದಿನ ಡಾಕ್ಟರು ಗಂಭೀರವಾಗಿ ಕೇಳಿದರು: "ಕೈ ಕಡಿಯಬಹುದಿತ್ತು, ಕಾಲು ಕಡಿಯಬಹುದಿತ್ತು. ಮೂಗೇ ಯಾಕೆ?" ಮರ್ಯಾದೆ ಇರುವುದು ಅಲ್ಲಿ ಎಂದೆ. "ಹಾಗಾದ್ರೆ ಮರ್ಯಾದೆಗೆ ಎಲುಬು ಇಲ್ಲ, ಮೂಗಿನ ತುದಿಯ ಹಾಗೆ ಬರೀ ಮೆತ್ತಗೆ" ಎಂದರು.

ಆ ವರ್ಷ ಮಳೆಗಾಲಕ್ಕೆ ಮುಂಚೆ ಊರಿಗೆಲ್ಲ ಫ್ಲೂ ಬಂತು. ಡಾಕ್ಟರೂ ಹದಿನೈದು ದಿನ ಮಲಗಿ ಎದ್ದರು. ಎದ್ದು ಬಂದವರು ಮಾತು ಕಡಿಮೆ ಮಾಡಿದ್ದರು. ನಿತ್ರಾಣ ಎಂದುಕೊಂಡೆ. ಒಂದು ದಿನ ಅವರ ಕೋಣೆಯಿಂದ ಹಾಲು ಸೀದ ವಾಸನೆ. ಓಡಿ ಹೋದರೆ ಸ್ಟೌವಿನ ಮೇಲೆ ಪಾತ್ರೆ ಕರ್ರಗೆ ಕರಟುತ್ತಿದೆ, ಮೂರು ಮಾರು ದೂರದಲ್ಲಿ ಬೆನ್ನು ಹಾಕಿ ಕೂತ ಡಾಕ್ಟರು ರಿಜಿಸ್ಟರು ಬರೆಯುತ್ತಿದ್ದಾರೆ. ನಾನು ಪಾತ್ರೆ ಇಳಿಸಿದೆ. ಅವರು ಪಾತ್ರೆ ನೋಡಿದರು, ನನ್ನನ್ನು ನೋಡಿದರು.

"ಮೂಗು ಸತ್ತಿದೆ ಮಾರಾಯ್ರೆ" ಎಂದರು. "ಜ್ವರ ಹೋಗುವಾಗ ಅದನ್ನೂ ಕೊಂಡುಹೋಯ್ತು. ಸೆಗಣಿಯೂ ಇಲ್ಲ, ಮಲ್ಲಿಗೆಯೂ ಇಲ್ಲ."

ಪುತ್ತೂರಿಗೆ ಹೋಗಿ ತೋರಿಸಿ ಬಂದರು. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂದು ಅಲ್ಲಿಯ ವೈದ್ಯರು ಹೇಳಿದರಂತೆ. ಬರಲಿಲ್ಲ. ಇದ್ದ ಸಂಗತಿ ಊರವರಿಗೆ ಹೇಳಿಬಿಡಿ ಎಂದೆ ನಾನು. ಅವರು ತಲೆ ಅಲ್ಲಾಡಿಸಿದರು. "ಮುಂದಿನ ತಿಂಗಳು ಸೂಜಿ ಹಾಕ್ಲಿಕ್ಕೆ ಉಂಟು. ಮೂಗು ಹೋದದ್ದು ತಿಳಿದ್ರೆ ಒಂದು ದನವನ್ನೂ ತರುದಿಲ್ಲ. ರೋಗ ಬಂದ್ರೆ ಹಟ್ಟಿಗೆ ಹಟ್ಟಿಯೇ ಖಾಲಿ." ಆಮೇಲೆ, "ನನಗೆ ನಾಚಿಕೆಯೂ ಆಗ್ತದೆ" ಎಂದರು.

ಹಾಗೆ ನಾನು ಅವರ ಮೂಗಾದೆ. ಸಂಬಳವಿಲ್ಲದ ಉದ್ಯೋಗ. ಹಟ್ಟಿಯಿಂದ ಕರೆ ಬಂದರೆ ನಾನೂ ಸುಮ್ಮನೆ ಜೊತೆಗಾರನಂತೆ ಹೋಗುವುದು. ಅವರು ಬಗ್ಗಿ ಮೂಸಿದಂತೆ ಮಾಡುವುದು, ದನ ಹಿಡಿಯುವ ನೆಪದಲ್ಲಿ ನಾನೂ ಬಗ್ಗುವುದು. ಕರೆ ಬಂದಾಗ ಕಚೇರಿಯ ಸಮಯವಾಗಿದ್ದರೆ ಬಾಗಿಲಿಗೆ ಚಿಲಕ ಹಾಕಿಯೇ ಹೋಗುತ್ತಿದ್ದೆ, ಇದು ತಪ್ಪೆಂದು ಗೊತ್ತಿದ್ದೇ. ಹಿಂದೆ ಬರುವ ದಾರಿಯಲ್ಲಿ ಪ್ರಶ್ನೆಗಳ ಮಳೆ. "ಹುಳಿಯಾ? ಹುಳಿಯಾದ್ರೆ ಮಜ್ಜಿಗೆಯದ್ದಾ, ಹುಣಸೆಯದ್ದಾ? ಕೊಳೆತದ್ದಾದ್ರೆ ಎಲೆ ಕೊಳೆತದ್ದಾ, ಮಾಂಸ ಕೊಳೆತದ್ದಾ?" ಮೊದಮೊದಲು ನನಗೆ ಎಲ್ಲವೂ ಬರೀ ನಾತ. ಆರು ತಿಂಗಳಲ್ಲಿ ನಾತದಲ್ಲೂ ಜಾತಿಗಳುಂಟೆಂದು ಕಲಿತೆ. ನಾನು ಹೇಳಿದ ಮೇಲೆ ಅವರು ಕಣ್ಣು ಮುಚ್ಚಿ, ತಮ್ಮ ನೆನಪಿನ ಒಂದು ವಾಸನೆಯನ್ನು ಹುಡುಕಿ ತೆಗೆದು, ಮದ್ದು ಹೇಳುತ್ತಿದ್ದರು. ತಪ್ಪಿದ್ದು ಕಡಿಮೆ. ನನ್ನ ಹೆಂಡತಿ ಮಾತ್ರ ನನ್ನ ಅಂಗಿಯನ್ನು ಬೇರೆಯೇ ಒಗೆಯುತ್ತಿದ್ದಳು.

ಎರಡು ವರ್ಷ ಹೀಗೆ ನಡೆಯಿತು. ಆ ಹೊತ್ತಿಗೆ ನಮ್ಮ ಕಡೆ ಕೇರಳದಿಂದ ಬಂದವರು ಗುಡ್ಡೆ ಕಡಿದು ಮರಗೆಣಸು ನೆಡುತ್ತಿದ್ದರು. ಅವರಲ್ಲಿ ಚಾಕೋ ಎಂಬವನೊಬ್ಬ. ಅವನ ಬೇಲಿಗೆ ತಾಗಿ ಬಾಬು ಗೌಡರ ಜಾಗ. ಗೌಡರ ದನ ಬೇಲಿ ನುಗ್ಗುವುದು, ಚಾಕೋ ಬೊಬ್ಬೆ ಹಾಕುವುದು ವಾರಕ್ಕೊಮ್ಮೆ ಇದ್ದದ್ದೇ. ಹೀಗೇ ಒಂದು ಜಗಳದಲ್ಲಿ ಅವನು ಸಿಟ್ಟಿನಿಂದ, "ಇನ್ನೊಂದು ಸಲ ಬಂದ್ರೆ ದನ ವಾಪಸು ಬರುದಿಲ್ಲ, ನೋಡಿ" ಎಂದುಬಿಟ್ಟಿದ್ದ. ಅದಾಗಿ ವಾರದಲ್ಲಿ ಗೌಡರ ಕಪ್ಪು ದನ ಅವನ ಜಾಗದಲ್ಲೇ ಕಾಲು ಬಡಿದು ಸತ್ತು ಬಿತ್ತು. ಹಿಂದಿನ ದಿನ ಗೆಣಸು ಕಿತ್ತು ಬೇಲಿಯ ಬದಿಗೆ ರಾಶಿ ಹಾಕಿದ್ದ ಬಾಡಿದ ಸೊಪ್ಪನ್ನು ಅದು ತಿಂದಿತ್ತು. ನಾವು ಹೋಗುವಾಗ ಊರೇ ಸೇರಿತ್ತು.

"ಸೊಪ್ಪು ತಿಂದದ್ದು ಸಾರೇ, ನಾನು ಎಂತ ಹಾಕಿಲ್ಲ" ಎಂದು ಚಾಕೋ ಕೈಮುಗಿದ.

"ಸೊಪ್ಪು ತಿಂದು ದನ ಸಾಯುದುಂಟಾ?" ಎಂದರು ಗೌಡರು. "ಇವರು ಅದರದ್ದೇ ಗೆಡ್ಡೆ ಬೇಯಿಸಿ ಮೂರು ಹೊತ್ತು ತಿನ್ನುದಲ್ವಾ? ಮನುಷ್ಯ ತಿಂದ್ರೆ ಹೊಟ್ಟೆ ತುಂಬ್ತದೆ, ದನ ತಿಂದ್ರೆ ಪ್ರಾಣ ಹೋಗ್ತದಾ? ಸೊಪ್ಪಿಗೆ ವಿಷ ಹಾಕಿಟ್ಟಿದ್ದಾನೆ."

ಮಾತು ಸರಿಯೆಂದೇ ಎಲ್ಲರಿಗೂ ಕಂಡಿತು. ನನಗೂ. ಮರಗೆಣಸಿನ ಸೊಪ್ಪಿನಲ್ಲೇ ವಿಷವಿದೆ, ಬೇಯಿಸಿ ನೀರು ಚೆಲ್ಲಿದರೆ ಹೋಗುತ್ತದೆ, ಹಸಿ ತಿಂದರೆ ಕೊಲ್ಲುತ್ತದೆ ಎಂದು ಅಲ್ಲಿ ಚಾಕೋನನ್ನು ಬಿಟ್ಟರೆ ಗೊತ್ತಿದ್ದದ್ದು ಡಾಕ್ಟರೊಬ್ಬರಿಗೆ. ಅದಕ್ಕೊಂದು ವಾಸನೆಯಿದೆ, ಕಹಿ ಬಾದಾಮಿಯದ್ದು. ಮದರಾಸಿನಲ್ಲಿ ಸೀಸೆ ತೆರೆದು ಮೂಸಿಸಿದ್ದರಂತೆ. ದನದ ಹೊಟ್ಟೆ ಸೀಳಿದಾಗ ಆ ವಾಸನೆ ಬಂದರೆ ಸೊಪ್ಪಿನದ್ದೇ ವಿಷ, ಬರದಿದ್ದರೆ ಬೇರೇನೋ ಎಂದು ಅವರು ಎಲ್ಲರೆದುರು ಹೇಳಿ, ಹೊಟ್ಟೆ ಸೀಳಿ ಬಗ್ಗಿದರು. ನಾನೂ ಬಗ್ಗಿದೆ. ಅರೆದ ಸೊಪ್ಪಿನ, ಹುಳಿತ ಮೇವಿನ ನಾತ. ಬೇರೇನೂ ಇಲ್ಲ. ಅವರು ಪಿಸುಮಾತಿನಲ್ಲಿ ಎರಡು ಸಲ ಕೇಳಿದರು. ಎರಡು ಸಲವೂ ಇಲ್ಲವೆಂದು ತಲೆ ಆಡಿಸಿದೆ. ಅವರು ಎದ್ದು ನಿಂತು, "ವಾಸನೆ ಇಲ್ಲ" ಎಂದರು. ಹಾಗೆಯೇ ಬರೆದುಕೊಟ್ಟರು. ಹೊಟ್ಟೆಯಲ್ಲಿದ್ದದ್ದನ್ನು ಎರಡು ಬಾಟ್ಲಿಯಲ್ಲಿ ತುಂಬಿ ಅರಗು ಹಾಕಿ, ಒಂದನ್ನು ಪರೀಕ್ಷೆಗೆ ಕಳಿಸಿದರು, ಒಂದನ್ನು ಕಪಾಟಿನಲ್ಲಿಟ್ಟರು. ಪರೀಕ್ಷೆಯ ಉತ್ತರ ಬರಲು ತಿಂಗಳುಗಟ್ಟಲೆ ಬೇಕು. ಊರಿನ ನ್ಯಾಯ ನೋಡುತ್ತಿದ್ದ ಪಟೇಲರು ಅಷ್ಟು ದಿನ ಕಾಯುವವರಲ್ಲ. ಡಾಕ್ಟರ ಮೂಗೇ ಹೇಳಿದೆಯಲ್ಲ! ಸೋಮವಾರ ಪೊಲೀಸರು ಬಂದು ಚಾಕೋನನ್ನು ಠಾಣೆಗೆ ಕೊಂಡುಹೋಗುವುದೆಂದು ಆಯಿತು.

ಶನಿವಾರ ಡಾಕ್ಟರು ನಮ್ಮ ಮನೆಗೆ ಬಂದರು. ಕೈಯಲ್ಲಿ ಬಾಳೆಲೆಯ ಪೊಟ್ಟಣ. ಬಿಚ್ಚಿ ನನ್ನ ಮೂಗಿನ ಕೆಳಗೆ ಹಿಡಿದರು. ಜಜ್ಜಿದ ಹಸಿರು ಸೊಪ್ಪು.

"ಎಂತ ಬರ್ತದೆ?"

"ಸೊಪ್ಪಿನದ್ದು."

"ಮತ್ತೆ?"

"ಮತ್ತೆ ಎಂತ ಇಲ್ಲ."

ಅವರು ನನ್ನ ಹೆಂಡತಿಯನ್ನು ಕರೆದು ಮೂಸಲು ಕೊಟ್ಟರು. ಅವಳು ಮುಖ ಹಿಂದೆ ಎಳೆದುಕೊಂಡಳು. "ಇಸ್ಸಿ, ಇದೆಂತ ಕಹಿ ಘಾಟು ಅಣ್ಣಾ? ಗಂಟಲಿಗೇ ಹೋಗ್ತದೆ." ಅಂಚೆ ಹಂಚುವ ಐತ ಅಂಗಳದಲ್ಲಿದ್ದ. ಅವನೂ ಹಾಗೇ ಎಂದ. ನಾನು ಇನ್ನೊಮ್ಮೆ ಮೂಸಿದೆ, ಎದೆ ತುಂಬ ಎಳೆದುಕೊಂಡೆ. ಬರೀ ಸೊಪ್ಪು.

ಡಾಕ್ಟರು ಜಗಲಿಯಲ್ಲಿ ಕೂತುಬಿಟ್ಟರು. "ಮದರಾಸಿನಲ್ಲಿ ನಮ್ಮೊಟ್ಟಿಗೆ ಒಬ್ಬನಿದ್ದ. ಅವನಿಗೂ ಈ ಒಂದು ವಾಸನೆ ಬರ್ತಿರಲಿಲ್ಲ. ಕೆಲವು ಮೂಗಿಗೆ ಹುಟ್ಟಿನಿಂದಲೇ ಇಲ್ಲ. ನಿಮ್ಮ ತಪ್ಪಲ್ಲ. ತಪ್ಪು ನನ್ನದು, ರಕ್ತ ಕೇಪಳ ಹೂವಿನ ಹಾಗೆ ಕೆಂಪಿತ್ತು ಮಾರಾಯ್ರೆ, ಅದು ಈ ವಿಷದ್ದೇ ಗುರುತು. ನನ್ನ ಕಣ್ಣು ಹೇಳ್ತಾ ಇತ್ತು. ನಾನು ಮೂಗನ್ನು ನಂಬಿದೆ."

ನಾನು ಉಪಾಯ ಹೇಳಿದೆ. ರಕ್ತದ ಬಣ್ಣದ ಮೇಲೆ ಹೊಸದಾಗಿ ಬರೆದುಕೊಡಿ, ಮೂಗಿನ ಮಾತೇ ಬೇಡ ಎಂದೆ. ಅವರ ಮರ್ಯಾದೆಗೆ ಹೇಳಿದ್ದೆಂದು ಆಗ ನಾನೇ ನಂಬಿದ್ದೆ. ನನ್ನ ಕೆಲಸದ ಹೆದರಿಕೆಯೂ ಅದರೊಳಗೆ ಇತ್ತು.

"ಊರವರು ಎಂತ ಹೇಳ್ತಾರೆ? ಡಾಕ್ಟ್ರಿಗೆ ಚಾಕೋ ಎಂತದ್ದೋ ಕೊಟ್ಟ, ಅದಕ್ಕೆ ಮಾತು ತಿರುಗಿಸಿದ್ರು ಹೇಳ್ತಾರೆ. ಆಗ ಅವನೂ ಉಳಿಯುದಿಲ್ಲ, ನಾನೂ ಉಳಿಯುದಿಲ್ಲ. ಮೂಗು ತಪ್ಪಿದ್ದು ಯಾಕೆ ಅಂತ ಹೇಳಿದ್ರೆ ಮಾತ್ರ ನಂಬ್ತಾರೆ" ಎಂದು ಎದ್ದರು.

ಸೋಮವಾರ ಬೆಳಿಗ್ಗೆ ಪಟೇಲರ ಅಂಗಳ. ಪೊಲೀಸಿನವನು ಬೆಂಚಿನಲ್ಲಿ ಕೂತಿದ್ದ. ಚಾಕೋನ ಹೆಂಡತಿ ಗಂಡನ ಎರಡು ಮುಂಡು, ಒಂದು ಅಂಗಿಯನ್ನು ಗಂಟು ಕಟ್ಟಿ ಹಿಡಿದು ನಿಂತಿದ್ದಳು. ಡಾಕ್ಟರು ಕಪಾಟಿನ ಬಾಟ್ಲಿ ತಂದಿದ್ದರು. ಗೌಡರಿಗೆ, "ನೀವೇ ಹೋಗಿ ಸೊಪ್ಪು ಕೊಯ್ದು ತನ್ನಿ, ನೀವೇ ಜಜ್ಜಿ" ಎಂದರು. ಗೌಡರು ತಂದು ಜಜ್ಜಿದರು. ಮೂಸಿದರು. ಆಮೇಲೆ ಡಾಕ್ಟರು ಬಾಟ್ಲಿಯ ಅರಗು ಒಡೆದು ಕೊಟ್ಟರು. ಗೌಡರು ನಾತಕ್ಕೆ ಒಮ್ಮೆ ಮುಖ ತಿರುಗಿಸಿ, ಮತ್ತೆ ಮೂಸಿ, ಸೊಪ್ಪು ಮೂಸಿ, ಬಾಟ್ಲಿ ಮೂಸಿ, ಅದನ್ನು ಕೆಳಗಿಟ್ಟರು. ಒಳ್ಳೆಯ ಮನುಷ್ಯ. "ಅದೇ" ಎಂದರು.

"ಹಾಗಾದ್ರೆ ಅವತ್ತು ಇಲ್ಲ ಅಂತ ಬರೆದದ್ದು?" ಎಂದು ಪಟೇಲರು ಕೇಳಿದರು.

"ನನಗೆ ವಾಸನೆ ಬರುದಿಲ್ಲ. ಫ್ಲೂ ಬಂದಂದಿನಿಂದ ಇಲ್ಲ. ಎರಡು ವರ್ಷ ಆಯ್ತು" ಎಂದರು ಡಾಕ್ಟರು. ಕೈ ಎರಡೂ ಹಿಂದೆ ಕಟ್ಟಿದ್ದರು, ಬೆರಳುಗಳು ಒಂದನ್ನೊಂದು ಹಿಸುಕುತ್ತಿದ್ದವು. ಅವರ ಹಿಂದೆ ನಿಂತಿದ್ದ ನನಗೊಬ್ಬನಿಗೆ ಅದು ಕಂಡಿತು.

ಗೌಡರಿಗೆ ಅರ್ಥವಾಗಲಿಲ್ಲ. "ನಮ್ಮ ಹಟ್ಟಿಗೇ ಎಷ್ಟು ಸಲ ಬಂದಿದ್ದೀರಿ. ನೀವು ಮೂಸಿ ಹೇಳಿದ್ದೆಲ್ಲ ಸರಿಯೇ ಇತ್ತಲ್ಲ! ಅದು ಹೇಗೆ? ಬೇರೆ ಯಾರಾದ್ರೂ ಮೂಸ್ತಿದ್ರಾ?"

ಅಂಚೆ ಕಚೇರಿ ತೆರೆದಿರಬೇಕಾದ ಹೊತ್ತು ಅದು. ಬೀಗದ ಕೈ ನನ್ನ ಜೇಬಿನಲ್ಲಿತ್ತು. ಪೊಲೀಸಿನವನು ಬರೆದುಕೊಳ್ಳುತ್ತಿದ್ದ. ಡಾಕ್ಟರು ಹಿಂದೆ ತಿರುಗಿ ನೋಡಲಿಲ್ಲ.

"ಯಾರೂ ಇಲ್ಲ" ಎಂದರು. "ಅಂದಾಜಿನಲ್ಲಿ ಹೇಳಿದ್ದು."

ಅಂಗಳದಲ್ಲಿ ಯಾರೋ ನಕ್ಕರು, ಯಾರೋ ಉಗುಳಿದರು. ತಮ್ಮ ದನಗಳ ಪ್ರಾಣವನ್ನು ಎರಡು ವರ್ಷ ಅಂದಾಜಿನ ಮೇಲೆ ಬಿಟ್ಟಿದ್ದೆವೆಂಬ ಸಿಟ್ಟು ಅವರದ್ದು. ಚಾಕೋ ಗಂಟು ಹಿಡಿದ ಹೆಂಡತಿಯೊಟ್ಟಿಗೆ ಮನೆಗೆ ಹೋದ. ಡಾಕ್ಟರಿಗೆ ಮೇಲಿನಿಂದ ಮೆಮೋ ಬಂತು, ಎರಡು ತಿಂಗಳಲ್ಲಿ ಸುಳ್ಯದ ಕಡೆಗೆ ವರ್ಗವಾಯಿತು. ಆ ಎರಡು ತಿಂಗಳು ಒಂದು ಹಟ್ಟಿಯಿಂದಲೂ ಕರೆ ಬರಲಿಲ್ಲ. ಹೊರಡುವ ದಿನ ಚಾಕೋ ಬೇಯಿಸಿದ ಮರಗೆಣಸು ತಂದುಕೊಟ್ಟ. "ನೀರು ಚೆಲ್ಲಿದ್ದೇನೆ ಸಾರೇ" ಎಂದ. ಡಾಕ್ಟರು ಜಗಲಿಯಲ್ಲೇ ಕೂತು ಅಷ್ಟನ್ನೂ ತಿಂದರು.

ಕೆಲವು ವರ್ಷಗಳ ಮೇಲೆ ಪುತ್ತೂರಿನ ಬಸ್ ಸ್ಟಾಂಡಿನಲ್ಲಿ ಒಮ್ಮೆ ಸಿಕ್ಕಿದ್ದರು. ಮೂಗು ಬರಲೇ ಇಲ್ಲವಂತೆ. "ಈಗ ನಾನು ಮನೆಯವರಿಗೇ ಮೂಸ್ಲಿಕ್ಕೆ ಕಲಿಸುದು. ಅವರದ್ದೇ ದನ, ಅವರದ್ದೇ ಮೂಗು. ಹೆಂಗಸರು ಬೇಗ ಕಲೀತಾರೆ" ಎಂದರು. ನಾನು ಆ ಸೋಮವಾರದ ಮಾತೆತ್ತಿದೆ. ಕ್ಷಮಿಸಿ ಎನ್ನಲು ಹೊರಟವನನ್ನು ಅಲ್ಲೇ ತಡೆದರು. "ನಿಮಗೆ ಮೂರು ಮಕ್ಕಳು, ಬೇರೆ ಗದ್ದೆ ತೋಟ ಇಲ್ಲ. ನನಗೆ ಹೋದ್ರೆ ಇನ್ನೊಂದು ಊರು. ಬಿಡಿ ಮಾರಾಯ್ರೆ, ಬಸ್ಸು ಬಂತು."

ಈಗ ಅವರೂ ಇಲ್ಲ, ನನ್ನ ಕೆಲಸವೂ ಮುಗಿದಿದೆ. ಕುಂಬ್ರದ ಪಂಕ್ತಿಯಲ್ಲಿ ನಕ್ಕವರು ಇದನ್ನು ಓದುತ್ತಾರೋ ಇಲ್ಲವೋ ಗೊತ್ತಿಲ್ಲ. ಆ ಎರಡು ವರ್ಷ ಅವರು ಅಂದಾಜಿನಲ್ಲಿ ಒಂದು ಮಾತನ್ನೂ ಹೇಳಿಲ್ಲ. ಬಾಬು ಗೌಡರು ಅಂಗಳದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಆಗಲೂ ಇತ್ತು. ಮೂಸಿದ್ದು ನಾನು.